ಬಿನ್ ಸಾರ್

ಕಾರ್ಖಾನೆ ಅಂದ ಮೇಲೆ ಅಲ್ಲೊಬ್ಬ ಬಿನ್ ಸಾರ್ ಇರಲೇಬೇಕು. ಪೀಣ್ಯವೋ ಬೊಮ್ಮಸಂದ್ರವೋ, ಜಿಗಣಿಯೋ ನರಸಾಪುರವೋ, ಯಾವುದೇ ಬಿಡಿಭಾಗದ ಕಂಪನಿಯ ಗೇಟು ದಾಟಿ ಡಿಸ್ಪ್ಯಾಚ್ ಶೆಡ್ಡಿನ ಕಡೆ ತಿರುಗಿ, ಸಿಗುತ್ತಾರೆ. ಐವತ್ತು ದಾಟಿದ ವಯಸ್ಸು. ಅಂಗಿಯ ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು, ಒಂದು ಪರ್ಮನೆಂಟ್ ಮಾರ್ಕರ್. ಮಾರ್ಕರ್ ಸೋರಿ ಜೇಬಿನ ತಳದಲ್ಲಿ ಕಪ್ಪಗೊಂದು ದ್ವೀಪ ಮೂಡಿರುತ್ತದೆ. ಅಂಗಿ ಬದಲಾದರೂ ದ್ವೀಪ ಬದಲಾಗುವುದಿಲ್ಲ. ಕಂಕುಳಲ್ಲಿ ರಟ್ಟು ಹರಿದ ಉದ್ದನೆಯ ರಿಜಿಸ್ಟರು. ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಎಂ.ಡಿ.ಯಿಂದ ಹಿಡಿದು ಟೀ ತರುವ ಹುಡುಗನವರೆಗೆ ಎಲ್ಲರ ಬಾಯಲ್ಲೂ ಅವರು ಬಿನ್ ಸಾರ್.

ಅವರು ಕೂರುವುದು ಬೋರಲು ಹಾಕಿದ ಒಂದು ಬಿನ್ನಿನ ಮೇಲೆ. ಅದರ ಒಂದು ಮೂಲೆ ಸೀಳಿದೆ. ಸೀಳಿದ ಜಾಗದ ಪಕ್ಕದಲ್ಲೇ ‘ಸ್ಕ್ರ್ಯಾಪ್, ಸ್ಟೋರ್ಸ್ ಉಪಯೋಗಕ್ಕೆ’ ಎಂದು ಮಾರ್ಕರಿನಲ್ಲಿ ಬರೆದು, ಸಹಿ ಹಾಕಿ, ತಾರೀಖನ್ನೂ ಹಾಕಿದ್ದಾರೆ. ತಾನು ಕೂತ ಪೀಠಕ್ಕೂ ದಾಖಲೆ ಇರಬೇಕು ಎನ್ನುವ ಮನುಷ್ಯ.

ಬಿನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕಾರು, ಬೈಕಿನ ಕಂಪನಿಗಳಿಗೆ ಬುಷ್ಷು, ಗೇರು, ಬ್ರಾಕೆಟ್ಟು ಮಾಡಿ ಕಳಿಸುವ ಕಾರ್ಖಾನೆಗಳು ದಿನಾ ಬೆಳಗಾದರೆ ಅವನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದರೆ ಗಿರಾಕಿ ಸುಲಭಕ್ಕೆ ಒಪ್ಪುವುದಿಲ್ಲ. ಪ್ಲಾಸ್ಟಿಕ್ ಬಿನ್ನು, ಪಿಪಿ ಬಾಕ್ಸು, ಕಬ್ಬಿಣದ ಟ್ರಾಲಿ, ಪ್ಯಾಲೆಟ್ಟು, ಇವುಗಳಲ್ಲೇ ಹೋಗಬೇಕು. ಮಾಲು ಅಲ್ಲಿ ಲೈನಿಗೆ ಹೋದ ಮೇಲೆ ಖಾಲಿ ಬಿನ್ನು ವಾಪಸ್ ಬರಬೇಕು, ತೊಳೆಯಬೇಕು, ಮತ್ತೆ ತುಂಬಬೇಕು, ಮತ್ತೆ ಹೊರಡಬೇಕು. ಒಳಗಿರುವ ಮಾಲಿಗೆ ಸೇಲ್ಸಿನವರಿದ್ದಾರೆ, ಹೊರಗಿರುವ ಲಾರಿಗೆ ಟ್ರಾನ್ಸ್‌ಪೋರ್ಟಿನವರಿದ್ದಾರೆ. ನಡುವೆ ಇರುವ ಡಬ್ಬಿ ಮಾತ್ರ ಯಾರದೂ ಅಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ಲೆಕ್ಕಕ್ಕಿಲ್ಲದ್ದನ್ನು ಲೆಕ್ಕಕ್ಕೆ ತರುವ ಹಟ ಹೊತ್ತವರೇ ಬಿನ್ ಸಾರ್.

ಸಂಜೆ ಐದರ ಹೊತ್ತಿಗೆ ಖಾಲಿ ಬಿನ್ನು ಹೊತ್ತ ಕ್ಯಾಂಟರ್ ಗೇಟಿಗೆ ಬರುತ್ತದೆ. ಬಿನ್ ಸಾರ್ ರಿಜಿಸ್ಟರು ಬಿಚ್ಚುತ್ತಾರೆ.

“ಎಷ್ಟು ತಂದ್ಯಪ್ಪಾ?”

“ನೂರೆಂಬತ್ತು ಸಾರ್.”

“ಮೊನ್ನೆ ತಗೊಂಡು ಹೋಗಿದ್ದು?”

“ಇನ್ನೂರು.”

“ಇನ್ನಿಪ್ಪತ್ತು?”

“ಅವರು ಕೊಟ್ಟಷ್ಟು ತಂದಿದೀನಿ ಸಾರ್. ಕೇಳಿದ್ರೆ ನಾಳೆ ಬಾ ಅಂತಾರೆ.”

“ನಾಳೆ ಬಾ ಅಂದಿದ್ದನ್ನ ಚಲನ್ ಮೇಲೆ ಬರೆಸಿ, ಸೀಲು ಹಾಕಿಸ್ಕೊಂಡು ಬಂದ್ಯಾ?”

ಡ್ರೈವರ್ ಆಕಾಶ ನೋಡುತ್ತಾನೆ. ದೆವ್ವ ಒಳಗೆ ಬರದಿರಲಿ ಅಂತ ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಗಿರಾಕಿ ಕಂಪನಿಗಳ ಸ್ಟೋರ್ಸ್ ಬಾಗಿಲ ಮೇಲೂ ಅದನ್ನು ಕಾಣದ ಶಾಯಿಯಲ್ಲಿ ಬರೆದಿದ್ದಾರೆ ಎಂಬುದು ಬಿನ್ ಸಾರ್ ನಂಬಿಕೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಗೊಣಗುತ್ತಾ ಕೆಂಪು ಪೆನ್ನಿನಲ್ಲಿ ‘20 ಬಾಕಿ’ ಎಂದು ಬರೆಯುತ್ತಾರೆ. ಅವರ ರಿಜಿಸ್ಟರಿನಲ್ಲಿ ನೀಲಿಗಿಂತ ಕೆಂಪು ಜಾಸ್ತಿ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಊರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿತ್ತು, ಬಿನ್ ಸಾರ್ ಮಾತ್ರ ಹಬ್ಬ ಮಾಡಿದರು. ಮಾರಾಟವಲ್ಲದೆ ಹೊರಗೆ ಹೋಗುವ ಮಾಲಿಗೆ ಡೆಲಿವರಿ ಚಲನ್ ಬೇಕು, ಮೂರು ಪ್ರತಿ ಬೇಕು ಎಂದು 55ನೇ ನಿಯಮ ಹೇಳುತ್ತದೆ. ಮೊದಲನೆಯದು ಮಾಲು ಪಡೆಯುವವರಿಗೆ, ಎರಡನೆಯದು ಸಾಗಿಸುವವರಿಗೆ, ಮೂರನೆಯದು ಕಳಿಸಿದವರಿಗೆ. ಇಷ್ಟು ವರ್ಷ ತಾನೊಬ್ಬನೇ ಹೇಳಿಕೊಂಡು ಬಂದಿದ್ದನ್ನು ಈಗ ಭಾರತ ಸರ್ಕಾರವೇ ಹೇಳುತ್ತಿದೆ! ಮರುವರ್ಷ ಏಪ್ರಿಲ್ 1ಕ್ಕೆ, ರಾಜ್ಯದಿಂದ ರಾಜ್ಯಕ್ಕೆ ಮಾಲು ಸಾಗಿಸಲು ಇ-ವೇ ಬಿಲ್ ಬಂತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಶುರು ಮಾಡಿದ ಮೊದಲ ರಾಜ್ಯ ಕರ್ನಾಟಕ ಎಂಬುದನ್ನು ಅವರು ಹೇಳುವಾಗಿನ ಠೀವಿ ನೋಡಬೇಕು, ಜ್ಞಾನಪೀಠದ ಲೆಕ್ಕ ಹೇಳುವಾಗ ನಾವು ಅಷ್ಟು ಬೀಗುವುದಿಲ್ಲ.

ಆದರೆ ಅಲ್ಲೇ ಒಂದು ಮುಳ್ಳೂ ಇತ್ತು. ಖಾಲಿ ಕಾರ್ಗೋ ಕಂಟೈನರ್ ಸಾಗಿಸುವಾಗ ಇ-ವೇ ಬಿಲ್ ಬೇಡ ಎಂದು ನಿಯಮದಲ್ಲೇ ಇದೆ. ನಮ್ಮ ನೀಲಿ ಡಬ್ಬಿ ಕಾರ್ಗೋ ಕಂಟೈನರ್ ಹೌದೋ, ಅಲ್ಲವೋ? ಒಬ್ಬ ತೆರಿಗೆ ಸಲಹೆಗಾರರು ಹೌದು ಎಂದರು. ಇನ್ನೊಬ್ಬರು ಅಲ್ಲ ಎಂದರು. ಮೂರನೆಯವರು ಫೀಸು ಎಷ್ಟು ಕೊಡ್ತೀರಿ ಎಂದರು. ಬಿನ್ ಸಾರ್ ಅಂದಿನಿಂದ ಐವತ್ತು ಸಾವಿರ ರೂಪಾಯಿ ಮೀರಿದ ಪ್ರತಿ ಖಾಲಿ ಲೋಡಿಗೂ ಬಿಲ್ ಮಾಡುತ್ತಾರೆ. “ಮಾಡ್ದೇ ಇದ್ದವನನ್ನ ರಸ್ತೇಲಿ ನಿಲ್ಲಿಸ್ತಾರೆ ಸಾರ್, ಮಾಡಿದವನನ್ನ ಯಾಕೆ ಮಾಡ್ದೆ ಅಂತ ಯಾರೂ ನಿಲ್ಲಿಸಲ್ಲ.” ತೆರಿಗೆ ಶಾಸ್ತ್ರದ ಮೇಲೆ ನಾನು ಕೇಳಿದ ಭಾಷಣಗಳಲ್ಲಿ ಇದಕ್ಕಿಂತ ಗಟ್ಟಿ ಮಾತು ಕಡಿಮೆ.

ಒಂದು ಡಬ್ಬಿ ಕಳೆದರೆ ಏನು ಮಹಾ ಎನ್ನುವವರಿಗೆ ಅವರ ಬಳಿ ಪಾಠ ಸಿದ್ಧವಿದೆ. ಡಬ್ಬಿಯ ದುಡ್ಡು ಹೋಯಿತು, ಅದು ಒಂದನೇ ಪೆಟ್ಟು. ಅದನ್ನು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಕ್ರೆಡಿಟ್ ತಗೊಂಡಿರುತ್ತೇವಲ್ಲ, ಮಾಲು ಕಳೆದರೆ, ಕಳುವಾದರೆ, ಪುಸ್ತಕದಿಂದ ತೆಗೆದುಹಾಕಿದರೆ ಆ ಕ್ರೆಡಿಟ್ ಇಲ್ಲ ಎಂದು 17(5)ನೇ ಕಲಮು ಹೇಳುತ್ತದೆ. ತಗೊಂಡಿದ್ದನ್ನು ವಾಪಸ್ ಕಟ್ಟಬೇಕು, ಅದು ಎರಡನೇ ಪೆಟ್ಟು. ಡಬ್ಬಿ ಇಲ್ಲದೆ ಮಾಲು ನಿಂತರೆ ಗಿರಾಕಿಯ ಲೈನು ನಿಲ್ಲುತ್ತದೆ, ಗಿರಾಕಿ ಡೆಬಿಟ್ ನೋಟ್ ಕಳಿಸುತ್ತಾನೆ, ಅದು ಮೂರನೆಯದು. “ಡಬ್ಬಿ ಇಟ್ಕೊಂಡಿರೋನೂ ಅವನೇ, ಡಬ್ಬಿ ಇಲ್ಲ ಅಂತ ದಂಡ ಹಾಕೋನೂ ಅವನೇ.” ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ. ಏರಬೇಕಾದ ಕಾಲ ಮುಗಿದಿದೆ.

ಅದಕ್ಕೇ ವರ್ಷಕ್ಕೆ ಒಂದೆರಡು ಸಲ ಅವರು ದಂಡಯಾತ್ರೆ ಹೊರಡುತ್ತಾರೆ. ಕಂಪನಿಯ ಪುಟ್ಟ ಗೂಡ್ಸ್ ಗಾಡಿ, ಜೊತೆಗೆ ಇಬ್ಬರು ಹುಡುಗರು, ಕೈಯಲ್ಲಿ ಬಾಕಿ ಪಟ್ಟಿ. ಗಿರಾಕಿಯ ಗೇಟಿನಲ್ಲಿ ಈಶಾನ್ಯದಿಂದ ಬಂದ ಸೆಕ್ಯುರಿಟಿ ಹುಡುಗನಿಗೆ ತಮ್ಮ ಸ್ವಂತ ಹಿಂದಿಯಲ್ಲಿ, “ಭಯ್ಯಾ, ಹಮಾರಾ ನೀಲಿ ಡಬ್ಬಾ ಕಿದರ್ ಹೈ?” ಎಂದು ಕೇಳುತ್ತಾರೆ. ಅವನು ಯಾರ್ಡಿನ ಕಡೆ ಕೈ ತೋರಿಸುತ್ತಾನೆ. ಬಿನ್ ಸಾರ್ ಅವನ ಕಾಲಿನ ಕಡೆ ನೋಡುತ್ತಾರೆ. ಅವನು ಬೂಟು ಬಿಟ್ಟಿರುವುದೇ ಅವರ ಡಬ್ಬಿಯಲ್ಲಿ. ಒಂದು ಸಿಕ್ಕಿತು.

ಆಮೇಲೆ ಒಂದೊಂದಾಗಿ ಸಿಗುತ್ತವೆ. ಕ್ಯಾಂಟೀನಿನಲ್ಲಿ ಎರಡು ಡಬ್ಬಿ ಈರುಳ್ಳಿ, ಒಂದು ಡಬ್ಬಿ ತೊಳೆದ ಲೋಟ. ಟೂಲ್ ರೂಮಿನಲ್ಲಿ ಎಣ್ಣೆ ಬಟ್ಟೆ. ಗಾರ್ಡನ್ ಮಾಲಿಯ ಕೈಯಲ್ಲಿ ಕರಿಬೇವಿನ ಸಸಿ ಸಮೇತ ನಾಲ್ಕು. ಇನ್ನೊಬ್ಬ ಸಪ್ಲೈಯರಿನ ಬೋಲ್ಟುಗಳು ನಮ್ಮ ಡಬ್ಬಿಯಲ್ಲಿ, ನಮ್ಮ ಬುಷ್ಷುಗಳು ಅವನ ಡಬ್ಬಿಯಲ್ಲಿ. ಆ ಇನ್ನೊಬ್ಬ ಸಪ್ಲೈಯರಿನ ಬಿನ್ ಸಾರೂ ಅಷ್ಟು ಹೊತ್ತಿಗೆ ಪಟ್ಟಿ ಹಿಡಿದು ಅಲ್ಲೇ ಓಡಾಡುತ್ತಿರುತ್ತಾರೆ. ಇಬ್ಬರೂ ಒಂದು ಮೂಲೆಯಲ್ಲಿ ನಿಂತು, ಎರಡು ದೇಶಗಳು ಸೆರೆಯಾಳುಗಳನ್ನು ಬಿಡಿಸಿಕೊಳ್ಳುವ ಗಾಂಭೀರ್ಯದಲ್ಲಿ, ಹತ್ತಕ್ಕೆ ಹತ್ತು ಅದಲು ಬದಲು ಮಾಡಿಕೊಂಡು ಪರಸ್ಪರರ ಚಲನ್‌ಗೆ ಸಹಿ ಹಾಕುತ್ತಾರೆ.

ಒಮ್ಮೆ ಭಾದ್ರಪದದಲ್ಲಿ ಹೋಗಿದ್ದಾಗ ಕಾರ್ಮಿಕರು ಗಣಪತಿ ಕೂರಿಸಿದ್ದರು. ಮಂಟಪದ ಬಟ್ಟೆಯ ಕೆಳಗೆ ನೀಲಿ ಅಂಚು ಇಣುಕುತ್ತಿತ್ತು. ಬಿನ್ ಸಾರ್ ಚಪ್ಪಲಿ ಬಿಟ್ಟು ಒಳಗೆ ಹೋದರು, ಕೈ ಮುಗಿದರು, ಬಗ್ಗಿ ಬಟ್ಟೆ ಎತ್ತಿ ಎಣಿಸಿದರು. ಹನ್ನೆರಡು. ತೀರ್ಥ ತಗೊಂಡು ಹೊರಗೆ ಬಂದು, ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ‘ವಿಸರ್ಜನೆ ನಂತರ’ ಎಂದು ಬರೆದರು.

ಇಷ್ಟೆಲ್ಲ ಪಾಡು ಯಾಕೆ, ಮೊದಲೇ ಬೇಕಾದಷ್ಟು ಡಬ್ಬಿ ಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಮ್ಯಾನೇಜರೂ ಕೇಳುತ್ತಾರೆ, ಆದರೆ ತಿರುಗಾಮುರುಗಾ: ಇಷ್ಟೊಂದು ಯಾಕೆ ಬೇಕು ಎಂದು. ಬಿನ್ ಸಾರ್ ಲೆಕ್ಕ ಸರಳ. ಒಬ್ಬ ಗಿರಾಕಿಗೆ ದಿನಕ್ಕೆ ಇನ್ನೂರು ಡಬ್ಬಿ ಮಾಲು ಹೋಗುತ್ತದೆ. ಒಂದು ದಿನ ನಮ್ಮಲ್ಲಿ ತುಂಬಲಿಕ್ಕೆ, ಒಂದು ದಿನ ದಾರಿಯಲ್ಲಿ, ಎರಡು ದಿನ ಅವರ ಸ್ಟೋರಿನಲ್ಲಿ, ಒಂದು ದಿನ ಖಾಲಿ ವಾಪಸ್ ಬಂದು ತೊಳೆಯಲಿಕ್ಕೆ. ಐದು ದಿನದ ಸುತ್ತು, ಸಾವಿರ ಡಬ್ಬಿ ಬೇಕು. ಮ್ಯಾನೇಜರ್ ಎಂಟು ನೂರಕ್ಕೆ ಸಹಿ ಹಾಕುತ್ತಾರೆ. ಉಳಿದ ಇನ್ನೂರಕ್ಕೆ ರಟ್ಟಿನ ಪೆಟ್ಟಿಗೆ ಕೊಳ್ಳುತ್ತಾರೆ, ಪ್ರತಿ ತಿಂಗಳೂ. ಆ ಖರ್ಚು ‘ಪ್ಯಾಕಿಂಗ್’ ತಲೆಬರಹದ ಕೆಳಗೆ ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಅಕೌಂಟ್ಸಿನಲ್ಲಿದ್ದವನು, ಯಾವ ಖರ್ಚು ಯಾವ ತಲೆಬರಹದ ಕೆಳಗೆ ಹಾಯಾಗಿ ಮಲಗುತ್ತದೆ ಎಂಬುದು ನನಗೆ ಗೊತ್ತು.

ಡೆಪಾಸಿಟ್ ಪದ್ಧತಿ ತರೋಣ ಎಂದೂ ಬಿನ್ ಸಾರ್ ಒಮ್ಮೆ ಸೂಚಿಸಿದ್ದರು. ಸೋಡಾ ಅಂಗಡಿಯವನು ಬಾಟ್ಲಿಗೆ ಇಸ್ಕೊಳ್ಳುತ್ತಿದ್ದನಲ್ಲ, ಹಾಗೆ. ಕಾನೂನೂ ಅಡ್ಡಿಯಿಲ್ಲ: ವಾಪಸ್ ಕೊಡುವ ಡೆಪಾಸಿಟ್ಟು ಮಾರಾಟದ ಬೆಲೆಯಲ್ಲ, ಅದನ್ನು ಬೆಲೆಗೆ ಮುರಿದುಕೊಂಡಾಗ ಮಾತ್ರ ಅದು ಜಿಎಸ್‌ಟಿ ಲೆಕ್ಕಕ್ಕೆ ಬರುತ್ತದೆ. ಎಂ.ಡಿ. ನಕ್ಕರು. “ಅಲ್ರೀ, ಗಿರಾಕಿ ಹತ್ರ ನಮ್ಮ ಬಿಲ್ಲೇ ಮೂರು ತಿಂಗಳಿಗೆ ಬರುತ್ತೆ. ಡಬ್ಬಿಗೆ ಡೆಪಾಸಿಟ್ ಕೇಳ್ಲಾ?” ಇಡೀ ವ್ಯವಹಾರದ ಗುಟ್ಟು ಆ ನಗುವಿನಲ್ಲಿದೆ. ದೊಡ್ಡವನು ಎಣಿಸುವುದಿಲ್ಲ, ಏಕೆಂದರೆ ಎಣಿಸದಿದ್ದರೆ ಅವನಿಗೆ ನಷ್ಟವಿಲ್ಲ. ಸಣ್ಣವನು ಎರಡು ಕಡೆಯ ಲೆಕ್ಕವನ್ನೂ ತಾನೇ ಇಡಬೇಕು.

ಆರ್‌ಎಫ್‌ಐಡಿ ಮಾರುವ ಹುಡುಗನೂ ಬಂದುಹೋದ. ಟೈ ಕಟ್ಟಿದ್ದ. ಡಬ್ಬಿಗೊಂದು ಚಿಪ್ಪು ಅಂಟಿಸಿದರೆ ಗೇಟು ದಾಟುವಾಗ ತಾನೇ ಎಣಿಕೆಯಾಗುತ್ತದೆ ಎಂದ. ಪ್ಲಾಸ್ಟಿಕ್ ಬಿನ್ನಿನಲ್ಲಿ ಚೆನ್ನಾಗಿಯೇ ಓದಿತು. ಬಿನ್ ಸಾರ್ ಏನೂ ಮಾತಾಡದೆ ಅದರೊಳಗೆ ಕಬ್ಬಿಣದ ಬುಷ್ಷು ತುಂಬಿಸಿ, ಈಗ ಓದಿಸು ಎಂದರು. ಓದಲಿಲ್ಲ. ರೇಡಿಯೊ ಅಲೆಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ; ಅದಕ್ಕೆ ಬೇರೆ ಜಾತಿಯ, ದುಬಾರಿ ಚಿಪ್ಪು ಬೇಕು. ಹುಡುಗ ಹೊಸ ಕೊಟೇಶನ್ ಕಳಿಸುತ್ತೇನೆಂದು ಹೋದ. ಅದನ್ನೂ ಬಿನ್ ಸಾರ್ ‘ಬಾಕಿ’ ಎಂದು ಬರೆದುಕೊಂಡಿರಬೇಕು.

ಅವರಿಗೆ ಹೊಟ್ಟೆಕಿಚ್ಚು ಇರುವುದು ಒಂದೇ ಒಂದು ವಸ್ತುವಿನ ಮೇಲೆ: ಹಡಗಿನ ಕಂಟೈನರು. ಬಾಗಿಲ ಮೇಲೆ ಎಂಥ ಚೆಂದದ ನಂಬರು! ಮೂರು ಅಕ್ಷರ ಒಡೆಯನದು, ನಾಲ್ಕನೆಯದು ಯು, ಆಮೇಲೆ ಆರು ಅಂಕಿ, ಕೊನೆಗೆ ಚೌಕದೊಳಗೆ ಒಂಟಿ ಅಂಕಿಯೊಂದು. ಒಡೆಯನ ಅಕ್ಷರಗಳನ್ನು ನೋಂದಾಯಿಸುವ ಸಂಸ್ಥೆ ಪ್ಯಾರಿಸ್ಸಿನಲ್ಲಿದೆ, 1933ರಿಂದ. ಆ ಚೌಕದ ಅಂಕಿ ಸುಮ್ಮನೆ ಕೂತದ್ದಲ್ಲ. ಎ ಅಂದರೆ 10, ಬಿ ಅಂದರೆ 12, ಹೀಗೆ ಹನ್ನೊಂದರ ಮಗ್ಗಿ ಬಂದಲ್ಲೆಲ್ಲ ಒಂದು ಹಾರಿಸಿ ಅಕ್ಷರಗಳಿಗೆ ಬೆಲೆ ಕಟ್ಟಿ, ಮೊದಲ ಜಾಗವನ್ನು ಒಂದರಿಂದ, ಮುಂದಿನದನ್ನು ಎರಡರಿಂದ, ನಾಲ್ಕರಿಂದ, ಎಂಟರಿಂದ ಗುಣಿಸುತ್ತಾ ಹೋಗಿ, ಎಲ್ಲ ಕೂಡಿ ಹನ್ನೊಂದರಿಂದ ಭಾಗಿಸಿದರೆ ಉಳಿಯುವ ಶೇಷವೇ ಅದು. ಬರೆದುಕೊಳ್ಳುವವನು ಒಂದು ಅಂಕಿ ತಪ್ಪಿದರೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾನೆ. ವೈಟ್‌ಫೀಲ್ಡಿನ ಕಂಟೈನರ್ ಡಿಪೋ ಕಡೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಬೇರೆಯವರು ಹಾರ್ನ್ ಹೊಡೆಯುತ್ತಾರೆ, ಬಿನ್ ಸಾರ್ ಮುಂದಿನ ಟ್ರೇಲರಿನ ನಂಬರನ್ನು ಬಾಯಲ್ಲೇ ಗುಣಿಸುತ್ತಾ ಕೂರುತ್ತಾರೆ. ಸರಿಹೋದರೆ ಮುಖದಲ್ಲಿ ರಾಗ ಕೂಡಿಬಂದ ಸಂತೋಷ. “ಅಪ್ಪ ಅಮ್ಮ ಗೊತ್ತಿರೋ ಡಬ್ಬಿ ಸಾರ್ ಅದು” ಎಂದು ನಿಟ್ಟುಸಿರು ಬಿಡುತ್ತಾರೆ.

ಆ ಕಂಟೈನರಿನೊಳಗೆ ಜಪಾನಿನಿಂದಲೋ ಜರ್ಮನಿಯಿಂದಲೋ ಬರುವ ಭಾಗಗಳೂ ಗಟ್ಟಿಮುಟ್ಟಾದ ರ‍್ಯಾಕುಗಳಲ್ಲಿ ಬರುತ್ತವೆ. ಅವಕ್ಕೆ ಬೇರೆಯದೇ ಕಟ್ಟಳೆ. 1994ರ ಮಾರ್ಚಿನ 104ನೇ ಕಸ್ಟಮ್ಸ್ ಅಧಿಸೂಚನೆಯಲ್ಲಿ ಬಂದ ನಿಯಮದ ಪ್ರಕಾರ, ಬಾಳಿಕೆಯ ಡಬ್ಬಿಗಳಿಗೆ ಆಮದು ಸುಂಕವಿಲ್ಲ, ಆದರೆ ಆರು ತಿಂಗಳೊಳಗೆ ವಾಪಸ್ ದೇಶ ಬಿಡಬೇಕು, ಬಿಡುತ್ತವೆ ಎಂದು ಬಾಂಡು ಬರೆದುಕೊಡಬೇಕು. ಅಂಥ ರ‍್ಯಾಕು ಒಳಗೆ ಬಂದ ದಿನದಿಂದ ಬಿನ್ ಸಾರ್ ನಿದ್ದೆ ಕೆಡುತ್ತದೆ. ಮೇಂಟೆನೆನ್ಸಿನವರು ಅದರ ಮೇಲೆ ಕಣ್ಣು ಹಾಕಿರುತ್ತಾರೆ, ಅಷ್ಟು ಚೆಂದದ ಕಬ್ಬಿಣ. ಒಂದನ್ನು ಬೀಗ ಹಾಕಿ ಬಟ್ಟೆಯ ಬೀರು ಮಾಡಿಕೊಂಡಿದ್ದನ್ನು ಕಂಡು, ಅವರು ಅದರ ಮುಂದೆ ನಿಂತು ಕೂಗಿದ್ದು ಇಡೀ ಶೆಡ್ಡಿಗೆ ಕೇಳಿತ್ತು: “ಅದರೊಳಗಿರೋದು ನಿಮ್ಮ ಪ್ಯಾಂಟಲ್ಲ ಕಣ್ರೋ, ನಾನು ಸಹಿ ಹಾಕಿರೋ ಬಾಂಡು!”

ಮಾರ್ಚ್ ಬಂತೆಂದರೆ ವರ್ಷವಿಡೀ ಯಾರೂ ತಿರುಗಿ ನೋಡದ ಮನುಷ್ಯನನ್ನು ಎಲ್ಲರೂ ಹುಡುಕುತ್ತಾರೆ. ಆಡಿಟ್. ಆಡಿಟರ್ ವರದಿಯ 2020ರ ಆದೇಶ, ಸ್ಥಿರಾಸ್ತಿಗಳ ಸಂಖ್ಯೆಯೂ ಅವು ಇರುವ ಜಾಗವೂ ದಾಖಲೆಯಲ್ಲಿದೆಯೇ, ಆಡಳಿತದವರು ಕಾಲಕಾಲಕ್ಕೆ ಕಣ್ಣಾರೆ ಎಣಿಸಿದ್ದಾರೆಯೇ ಎಂದು ಕೇಳುತ್ತದೆ. ಲೇತು ಎಣಿಸಬಹುದು, ಅದು ಇದ್ದಲ್ಲೇ ಇರುತ್ತದೆ. ಡಬ್ಬಿ ಎಣಿಸುವುದು ಹೇಗೆ? ಎಣಿಸುತ್ತಿರುವಾಗಲೇ ಅರ್ಧ ಲಾರಿ ಹತ್ತಿರುತ್ತದೆ.

ಒಂದು ವರ್ಷ ಆಡಿಟ್ ಫರ್ಮಿನಿಂದ ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಆಸ್ತಿ ರಿಜಿಸ್ಟರಿನಲ್ಲಿ ಇದ್ದದ್ದು ಒಂದೇ ಸಾಲು: ಪ್ಲಾಸ್ಟಿಕ್ ಬಿನ್, 2,000 ನಗ.

“ಸಾರ್, ಇದರಲ್ಲಿ ಯಾವ್ಯಾವುದು ಎಲ್ಲೆಲ್ಲಿದೆ ತೋರಿಸ್ತೀರಾ?”

“ಎಲ್ಲಾ ಒಂದೇ ಥರ ಇದಾವಮ್ಮಾ.”

“ಹಾಗಾದ್ರೆ ಬೆಳಿಗ್ಗೆ ಆ ಶೆಡ್ಡಲ್ಲಿ ಎಣಿಸಿದ್ದನ್ನೇ ಮಧ್ಯಾಹ್ನ ಈ ಶೆಡ್ಡಿಗೆ ತಂದು ಮತ್ತೆ ಎಣಿಸಿಲ್ಲ ಅಂತ ಏನು ಗ್ಯಾರಂಟಿ?”

ಅಕೌಂಟ್ಸಿನವರು ಬೆವರಿದರು. ಬಿನ್ ಸಾರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟು ವರ್ಷಗಳ ನೌಕರಿಯಲ್ಲಿ ಡಬ್ಬಿಯ ಬಗ್ಗೆ ಒಂದು ಸರಿಯಾದ ಪ್ರಶ್ನೆ ಕೇಳಿದ ಮೊದಲ ಜೀವ ಅದು. ತಮ್ಮ ಪೀಠವನ್ನು ಕರ್ಚೀಫಿನಲ್ಲಿ ಒರೆಸಿ, “ಕೂತ್ಕೊಳಮ್ಮಾ” ಎಂದರು. ಆ ದಿನ ಗೇಟು ಮುಚ್ಚಿಸಿದರು, ಒಂದು ಗಾಡಿಯನ್ನೂ ಬಿಡಲಿಲ್ಲ. ಸೀಮೆಸುಣ್ಣದಲ್ಲಿ ಎಣಿಸಿದ ಪ್ರತಿ ಡಬ್ಬಿಯ ಮೇಲೂ ಒಂದೊಂದು ಗೆರೆ. ಪ್ರೊಡಕ್ಷನ್ ಮ್ಯಾನೇಜರ್ ಬಂದು ಕುಣಿದರು. ಬಿನ್ ಸಾರ್ ಆ ಹುಡುಗಿಯ ಕಡೆ ಬೆರಳು ತೋರಿಸಿ, “ಆಡಿಟ್ ಸಾರ್” ಎಂದಷ್ಟೇ ಹೇಳಿದರು. ಅವರ ಬದುಕಿನ ಅತ್ಯಂತ ಸುಖದ ದಿನ ಅದೇ ಇರಬೇಕು.

ಹೊರಗಿರುವ ಡಬ್ಬಿಗಳಿಗೆ ಗಿರಾಕಿಯಿಂದ ಕನ್ಫರ್ಮೇಶನ್ ಪತ್ರ ತರಿಸಬೇಕಾಯಿತು. ‘ನಮ್ಮ ಇಷ್ಟು ಡಬ್ಬಿಗಳು ನಿಮ್ಮಲ್ಲಿವೆ, ದಯವಿಟ್ಟು ದೃಢೀಕರಿಸಿ’ ಎಂದು ಇಲ್ಲಿಂದ ಹೋಯಿತು. ಅಲ್ಲಿಂದ ಬಂದ ಉತ್ತರದಲ್ಲಿ ಎರಡೇ ಅಂಶ. ಒಂದು, ನಮ್ಮ ದಾಖಲೆ ಪ್ರಕಾರ ನಿಮ್ಮ ಡಬ್ಬಿ ಒಂದೂ ನಮ್ಮಲ್ಲಿಲ್ಲ. ಎರಡು, ನಿಮ್ಮ ಡಬ್ಬಿಗಳಿಂದ ನಮ್ಮ ಯಾರ್ಡಿನಲ್ಲಿ ಜಾಗವಿಲ್ಲದಾಗಿದೆ, ಕೂಡಲೇ ತೆರವು ಮಾಡಿ. ಬಿನ್ ಸಾರ್ ಆ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಾರೆ.

ಮನೆಯಲ್ಲೂ ಇದೇ ಕಥೆಯೇ ಎಂದು ಒಮ್ಮೆ ಅವರ ಮನೆಯವರನ್ನು ಕೇಳಿದೆ. ಆಕೆ ಮಾತಾಡದೆ ಅಡುಗೆಮನೆಯ ಕ್ಯಾಲೆಂಡರ್ ತೋರಿಸಿದರು. ಯಾವ ತಾರೀಖಿಗೆ ಕೋಡುಬಳೆ ಯಾರ ಮನೆಗೆ ಹೋಯಿತು, ಯಾವ ಅಳತೆಯ ಸ್ಟೀಲ್ ಡಬ್ಬಿಯಲ್ಲಿ ಹೋಯಿತು, ಮುಚ್ಚಳ ಇತ್ತೇ ಇಲ್ಲವೇ, ಎಲ್ಲ ಅದರಲ್ಲಿತ್ತು. ಪಕ್ಕದ ಮನೆಯವರು ಡಬ್ಬಿಯನ್ನು ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ವಾಪಸ್ ಕಳಿಸಿದರೆ ಇವರಿಗೆ ಕಸಿವಿಸಿ. “ಖಾಲಿ ಡಬ್ಬಿಗೆ ಒಂದೇ ಎಂಟ್ರಿ ಸಾಕಿತ್ತು. ಈಗ ಸಕ್ಕರೆಗೆ ಬೇರೆ ಇನ್‌ವರ್ಡ್ ಮಾಡ್ಬೇಕು.”

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ತಾರಸಿಯಲ್ಲಿ ಕೊತ್ತಂಬರಿ ಬೆಳೆಯುತ್ತಿರುವ ಕ್ರೇಟು, ಬಚ್ಚಲಲ್ಲಿ ಸ್ಟೂಲಾಗಿರುವ ಡಬ್ಬಿ, ಅಂಗಡಿ ಮುಂದೆ ಹೂವಿನ ಬುಟ್ಟಿ ಇಟ್ಟಿರುವ ಟ್ರೇ, ಇವುಗಳ ಬದಿಯಲ್ಲಿ ಯಾವುದಾದರೂ ಕಂಪನಿಯ ಹೆಸರು ಅಚ್ಚಾಗಿದೆಯೇ ಒಮ್ಮೆ ನೋಡಿ. ಇದ್ದರೆ ಅದು ಯಾರದೋ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿದೆ. ವಾಪಸ್ ಕೊಟ್ಟುಬಿಡಿ. ಮಾರ್ಚ್ 31ರೊಳಗೆ ಕೊಟ್ಟರೆ ಉತ್ತಮ. ಖಾಲಿಯೇ ಕೊಡಿ.